ಶಾಕೆರೆ ಖಲೀಲಿ: ಮೂಳೆ ಹೆಸರು ಹೇಳಿತು, ಹುಡುಕಿದ್ದು ಮಗಳು

ಏರ್‌ಪೋರ್ಟ್ ಬಂದ ಮೇಲೆ ನಮ್ಮ ವಿಜಯಪುರದ ಸುತ್ತಮುತ್ತ ಜಮೀನಿನ ಬೆಲೆ ಏರಿತು. ಅದರ ಜೊತೆಗೇ ಒಂದು ಪದ ಮನೆಮಾತಾಯಿತು: ಜಿಪಿಎ. ಟೀ ಅಂಗಡಿಯಲ್ಲಿ ಕೂತರೂ ಯಾರಿಗೆ ಯಾರು ಜಿಪಿಎ ಬರೆದುಕೊಟ್ಟರು ಅನ್ನೋದೇ ಮಾತು. ಆ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ಶಾಕೆರೆ ಖಲೀಲಿ ನೆನಪಾಗುತ್ತಾರೆ.

ಶಾಕೆರೆ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ಗಂಡ ಅಕ್ಬರ್ ಖಲೀಲಿ ವಿದೇಶಾಂಗ ಸೇವೆಯ ಅಧಿಕಾರಿ. ನಾಲ್ಕು ಹೆಣ್ಣುಮಕ್ಕಳು. ಬೆಂಗಳೂರಿನಲ್ಲಿ ಅವರ ಹೆಸರಲ್ಲೇ ಬೆಲೆಬಾಳುವ ಆಸ್ತಿಗಳಿದ್ದವು, ಭೂಮಿತಿ ಕಾನೂನಿನ ತಲೆನೋವೂ ಇತ್ತು. ಆಸ್ತಿ ವ್ಯವಹಾರದಲ್ಲಿ ಪಳಗಿದವನು ಅಂತ ಪರಿಚಯವಾದವನೇ ಸ್ವಾಮಿ ಶ್ರದ್ಧಾನಂದ, ಅಂದರೆ ಮುರಳಿ ಮನೋಹರ ಮಿಶ್ರ. 1985ರಲ್ಲಿ ಶಾಕೆರೆ ವಿಚ್ಛೇದನ ಪಡೆದರು, 1986ರ ಏಪ್ರಿಲ್‌ನಲ್ಲಿ ಅವನನ್ನು ಮದುವೆಯಾದರು. ಜಿಪಿಎ ಬರೆದುಕೊಟ್ಟರು. ಬ್ಯಾಂಕ್ ಖಾತೆ, ಲಾಕರ್ ಎಲ್ಲ ಜಂಟಿಯಾದವು.

1991ರ ಮೇ ಕೊನೆಯಲ್ಲಿ ಅವರು ಕಾಣೆಯಾದರು. ಕೇಳಿದ ಮಗಳಿಗೆ ಅವನು ದಿನಕ್ಕೊಂದು ಕಥೆ ಹೇಳಿದ. ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ ಅಂದ. ವಿಚಾರಿಸಿದರೆ ಅಲ್ಲಿ ಅಂಥ ಹೆಸರೇ ಇಲ್ಲ. ಈ ಸುಳ್ಳಿನ ಹಿಂದೆ ಒಂದು ಲೆಕ್ಕಾಚಾರ ಇತ್ತು ಅನ್ನೋದು ನನ್ನ ಅಭಿಪ್ರಾಯ. ಬರೆದುಕೊಟ್ಟವರು ಸತ್ತರೆ ಸಾಮಾನ್ಯವಾಗಿ ಜಿಪಿಎಯೂ ಸತ್ತಂತೆ. ಆಸ್ತಿ ಮಾರಬೇಕಾದರೆ ಶಾಕೆರೆ ಕಾಗದದ ಮೇಲಾದರೂ ಬದುಕಿರಬೇಕಿತ್ತು. ಅವನು ಮಾರುತ್ತಲೇ ಹೋದ, ಅದೇ ಮನೆಯಲ್ಲಿ ವಾಸವೂ ಇದ್ದ.

ಮಗಳು ಬಿಡಲಿಲ್ಲ. 1992ರ ಜೂನ್‌ನಲ್ಲಿ ಅಶೋಕನಗರ ಠಾಣೆಗೆ ದೂರು ಕೊಟ್ಟರು. ಅದು ಸುಮಾರು ಎರಡು ವರ್ಷ ಮುಂದೆ ಸರಿಯಲಿಲ್ಲ. 1994ರಲ್ಲಿ ಸಿಸಿಬಿ ಕೈಗೆ ಬಂದ ಮೇಲೆ ಆರೋಪಿ ಬಾಯಿಬಿಟ್ಟ. ಮಾರ್ಚ್ 30ರಂದು ರಿಚ್‌ಮಂಡ್ ರಸ್ತೆಯ ಮನೆಯ ಅಂಗಳ ಅಗೆದರು. ನೆಲದಡಿ ಮರದ ಪೆಟ್ಟಿಗೆ, ಒಳಗೆ ಅಸ್ಥಿಪಂಜರ.

ಸುಮಾರು ಮೂರು ವರ್ಷ ಮಣ್ಣಲ್ಲಿದ್ದ ದೇಹಕ್ಕೆ ಮುಖ ಎಲ್ಲಿರುತ್ತೆ? ಇದು ಶಾಕೆರೆಯೇ ಅಂತ ಕೋರ್ಟಿಗೆ ತೋರಿಸಬೇಕಿತ್ತು. ತಲೆಬುರುಡೆಯನ್ನು ಫೋಟೊ ಮೇಲೆ ಇಟ್ಟು ಹೊಂದಿಸಿ ನೋಡಿದರು. ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದರು. ಡಿಎನ್‌ಎಯಲ್ಲಿ ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರುತ್ತೆ. ಹಾಗಾಗಿ ಮೂಳೆ, ಹಲ್ಲಿನಲ್ಲಿ ಉಳಿದಿದ್ದನ್ನು ರಕ್ತಸಂಬಂಧಿಗಳದ್ದರ ಜೊತೆ ಹೋಲಿಸಿದರೆ ಗುರುತು ಸಿಗುತ್ತೆ. ಆಗ ನಮ್ಮ ಕೋರ್ಟುಗಳಿಗೆ ಇದು ಹೊಸದು. ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದದ್ದೇ 1984ರಲ್ಲಿ. ಹೈದರಾಬಾದಿನ ಸಿಸಿಎಂಬಿಯಲ್ಲಿ ಲಾಲ್ಜಿ ಸಿಂಗ್ ಅದನ್ನು ನಮ್ಮ ದೇಶದಲ್ಲಿ ಬೆಳೆಸಿ ಕೆಲವೇ ವರ್ಷಗಳಾಗಿದ್ದವು.

2005ರಲ್ಲಿ ಮರಣದಂಡನೆ ಆಯಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2008ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಾಯುವವರೆಗೂ ಬಿಡುಗಡೆಯಿಲ್ಲದ ಜೀವಾವಧಿಗೆ ಬದಲಿಸಿತು. ದೇಶದ ಶಿಕ್ಷೆಯ ಕಾನೂನಿನಲ್ಲಿ ಇವತ್ತಿಗೂ ಉಲ್ಲೇಖವಾಗೋ ತೀರ್ಪದು. ಬೇಜಾರಿನ ಸಂಗತಿ ಏನೆಂದರೆ, ಅದನ್ನು ಎಲ್ಲರೂ ಕರೆಯೋದು ಕೊಂದವನ ಹೆಸರಿಂದ.

ಹಳೇ ಕೊಲೆಯನ್ನು ಡಿಎನ್‌ಎ ಬಿಡಿಸುತ್ತೆ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಆದರೆ ಡಿಎನ್‌ಎ ಹೇಳಿದ್ದು ಮೂಳೆ ಯಾರದ್ದು ಅಂತ ಮಾತ್ರ. ಯಾರು ಹೂತರು ಅನ್ನೋದನ್ನು ಹೇಳಿದ್ದು ಆ ಅಂಗಳ, ಆ ಜಿಪಿಎ, ಆ ಸುಳ್ಳುಗಳು. ಅಂಗಳ ಅಗೆಯುವ ತನಕ ಲ್ಯಾಬಿಗೆ ಕೆಲಸವೇ ಇರಲಿಲ್ಲ. ಅಗೆಯುವಂತೆ ಮಾಡಿದ್ದು ಮಗಳ ಹಟ.

ದಿವಾನರ ಮೊಮ್ಮಗಳಿಗೇ ಇಷ್ಟು ಕಾಲ ಹಿಡಿಯಿತು. ನಮ್ಮೂರಲ್ಲಿ ಎರಡೆಕರೆ ಜಮೀನಿರುವ ಒಂಟಿ ಅಜ್ಜಿ ನಾಲ್ಕು ದಿನ ಕಾಣದಿದ್ದರೆ, ಮಗಳ ಮನೆಗೆ ಹೋಗಿರಬೇಕು ಅಂತ ಸುಮ್ಮನಾಗ್ತೀವಿ. ಸುಮ್ಮನಾಗಬಾರದು. ಅವರ ಜಿಪಿಎ ಯಾರ ಕೈಲಿದೆ ಅಂತ ಕೇಳಬೇಕು, ಠಾಣೆಯಲ್ಲಿ ದೂರು ಬರೆಸಬೇಕು.