ಡೆನಿಸ್ ರಿಚಿ ಇಲ್ಲದಿದ್ದರೆ ನಿಮ್ಮ ಮೊಬೈಲೇ ಇರುತ್ತಿರಲಿಲ್ಲವೇ? ಫಾರ್ವರ್ಡ್ ಹೇಳದ ಕಥೆ

ಅಕ್ಟೋಬರ್ ತಿಂಗಳು ಬಂತೆಂದರೆ ಒಂದು ಮೆಸೇಜ್ ವಾಟ್ಸಾಪ್ ಗ್ರೂಪುಗಳಲ್ಲಿ ಮತ್ತೆ ತಿರುಗಾಡಲು ಶುರುವಾಗುತ್ತದೆ. ಒಂದು ಕಡೆ ಸ್ಟೀವ್ ಜಾಬ್ಸ್ ಫೋಟೋ, ಪಕ್ಕದಲ್ಲಿ ಗಡ್ಡ ಬಿಟ್ಟ ಕನ್ನಡಕದ ವ್ಯಕ್ತಿಯೊಬ್ಬರ ಫೋಟೋ. ಜಾಬ್ಸ್ ತೀರಿಕೊಂಡಾಗ ಇಡೀ ಜಗತ್ತು ಅತ್ತಿತು, ಅದೇ ವಾರ ತೀರಿಕೊಂಡ ಈ ಮನುಷ್ಯನನ್ನು ಯಾರೂ ಕೇಳಲಿಲ್ಲ, ಆದರೆ ಇವರಿಲ್ಲದಿದ್ದರೆ ವಿಂಡೋಸ್ ಇಲ್ಲ, ಇಂಟರ್ನೆಟ್ ಇಲ್ಲ, ಮೊಬೈಲೂ ಇಲ್ಲ ಎಂಬುದು ಅದರ ಸಾರ. ಓದಿದವರ ಮನಸ್ಸು ಚುರ್ ಎನ್ನುತ್ತದೆ, ಬೆರಳು ಫಾರ್ವರ್ಡ್ ಬಟನ್ ಕಡೆಗೆ ಹೋಗುತ್ತದೆ.

ಆ ವ್ಯಕ್ತಿ ಡೆನಿಸ್ ರಿಚಿ. ಅವರು ದೊಡ್ಡವರೇ, ಅದರಲ್ಲಿ ಅನುಮಾನ ಬೇಡ. ಆದರೆ ಮೆಸೇಜಿನಲ್ಲಿರುವುದು ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. ಬೇಸರದ ಸಂಗತಿ ಏನೆಂದರೆ, ಅವರು ನಿಜವಾಗಿ ಮಾಡಿದ ಕೆಲಸ ಅದರಲ್ಲಿ ಇಲ್ಲವೇ ಇಲ್ಲ. ಆ ಕೆಲಸ ಏನೆಂದು ತಿಳಿಯಲು ಸುಲಭವಾದ ದಾರಿ ಒಂದಿದೆ: ಕಂಪ್ಯೂಟರಿಗೆ ಒಂದು ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿದಾಗ ಏನಾಗುತ್ತದೆ ಎಂದು ನೋಡುವುದು. ಅಲ್ಲಿಗೆ ಬರುತ್ತೇವೆ. ಮೊದಲು ಮನುಷ್ಯನ ಪರಿಚಯ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್ ಎಂಬ ಊರಿನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮಿಟ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್ ವಿಜ್ಞಾನಿ, ಟೆಲಿಫೋನ್ ಸ್ವಿಚಿಂಗ್ ಸರ್ಕ್ಯೂಟುಗಳ ಬಗ್ಗೆ ಪುಸ್ತಕ ಬರೆದವರಲ್ಲಿ ಒಬ್ಬರು. ಮಗ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಭೌತಶಾಸ್ತ್ರ ಓದಿದರು, ಆಮೇಲೆ ಗಣಿತದ ಕಡೆ ಹೊರಳಿ ಅಲ್ಲೇ ಪಿಎಚ್‌ಡಿಗೆ ಸೇರಿದರು. ಪ್ರಬಂಧವನ್ನೂ 1968ರಲ್ಲಿ ಬರೆದು ಮುಗಿಸಿದರು. ಆದರೆ ಡಾಕ್ಟರೇಟ್ ಸಿಗಲಿಲ್ಲ! ಪ್ರಬಂಧದ ಬೈಂಡ್ ಮಾಡಿಸಿದ ಪ್ರತಿಯನ್ನು ಲೈಬ್ರರಿಗೆ ಒಪ್ಪಿಸುವ ಕೊನೆಯ ಹೆಜ್ಜೆಯನ್ನು ಅವರು ಇಡಲೇ ಇಲ್ಲ ಎನ್ನುತ್ತಾರೆ. ಎಷ್ಟೋ ವರ್ಷ ಆ ಪ್ರಬಂಧ ಎಲ್ಲಿದೆ ಎಂದೇ ಹೊರಗಿನವರಿಗೆ ಗೊತ್ತಿರಲಿಲ್ಲ. ಅವರು ಸತ್ತ ಮೇಲೆ ಪ್ರತಿ ಸಿಕ್ಕಿ, 2020ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದನ್ನು ಎಲ್ಲರಿಗೂ ಓದಲು ಇಟ್ಟಿತು. ಹಾಗಾಗಿ ಕೆಲವು ಫಾರ್ವರ್ಡ್‌ಗಳಲ್ಲಿ ಬರುವ ಡಾ. ರಿಚಿ ಎಂಬುದು ಕಟ್ಟುನಿಟ್ಟಾಗಿ ನೋಡಿದರೆ ತಪ್ಪು.

1967ರಲ್ಲಿ ಅವರು ತಂದೆ ಕೆಲಸ ಮಾಡುತ್ತಿದ್ದ ಬೆಲ್ ಲ್ಯಾಬ್ಸ್‌ಗೇ ಸೇರಿದರು. ಆಗ ಅಲ್ಲಿ ಮಲ್ಟಿಕ್ಸ್ ಎಂಬ ಭಾರಿ ಯೋಜನೆ ನಡೆಯುತ್ತಿತ್ತು. ಒಂದೇ ಕಂಪ್ಯೂಟರನ್ನು ಏಕಕಾಲಕ್ಕೆ ಹಲವಾರು ಜನ ಬಳಸುವಂತೆ ಮಾಡುವುದು ಗುರಿ. ಕೆಲಸ ಎಳೆಯುತ್ತಾ ಹೋಯಿತು, ಖರ್ಚು ಏರುತ್ತಾ ಹೋಯಿತು, 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು. ಸಹೋದ್ಯೋಗಿ ಕೆನ್ ಥಾಂಪ್ಸನ್ ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಹಳೆಯ ಯಂತ್ರ ಹಿಡಿದು ಸಣ್ಣದೊಂದು ಆಪರೇಟಿಂಗ್ ಸಿಸ್ಟಮ್ ಬರೆಯತೊಡಗಿದರು. ರಿಚಿ ಜೊತೆಯಾದರು. ಅದೇ ಯೂನಿಕ್ಸ್.

ಮುಂದೆ ಪಿಡಿಪಿ-11 ಎಂಬ ಹೊಸ ಯಂತ್ರ ಬಂತು. ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ಟೈಪಿಂಗ್ ಕೆಲಸಕ್ಕೆ ಅನುಕೂಲವಾಗುತ್ತದೆ ಎಂದು ಹೇಳಿ ತರಿಸಿಕೊಂಡ ಯಂತ್ರ ಅದು. ಅದರ ಮೆಮೊರಿ 24 ಕಿಲೋಬೈಟ್. ನಿಮಗೆ ಬೆಳಗ್ಗೆ ಬರುವ ಗುಡ್ ಮಾರ್ನಿಂಗ್ ಫೋಟೋ ಅದರಲ್ಲಿ ಹಿಡಿಸುವುದು ಕಷ್ಟ! ಅಷ್ಟು ಜಾಗದಲ್ಲಿ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಓಡುತ್ತಿತ್ತು. (ಫಾರ್ವರ್ಡ್‌ಗಳಲ್ಲಿ ಬರುವ ಇಬ್ಬರು ಗಡ್ಡಧಾರಿಗಳ ಪ್ರಸಿದ್ಧ ಕಪ್ಪುಬಿಳುಪು ಫೋಟೋ ಪಿಡಿಪಿ-11 ಎದುರು ತೆಗೆದದ್ದು. ಕೂತು ಟೈಪ್ ಮಾಡುತ್ತಿರುವವರು ಥಾಂಪ್ಸನ್, ಪಕ್ಕದಲ್ಲಿ ನಿಂತವರು ರಿಚಿ.)

ಈಗ ಮುಖ್ಯ ವಿಷಯಕ್ಕೆ ಬರೋಣ. ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಮೆಮೊರಿ, ಡಿಸ್ಕ್, ಕೀಬೋರ್ಡ್, ನೆಟ್‌ವರ್ಕ್ ಎಲ್ಲವನ್ನೂ ಸಂಭಾಳಿಸುವ ಯಜಮಾನ ಅದು. ನೀವು ತೆರೆಯುವ ಯಾವ ಆಪ್ ಕೂಡ ಹಾರ್ಡ್‌ವೇರ್ ಜೊತೆ ನೇರವಾಗಿ ಮಾತಾಡುವುದಿಲ್ಲ, ಕರ್ನಲ್ ಮೂಲಕವೇ ಹೋಗಬೇಕು. ಆದರೆ ಒಂದೊಂದು ಕಂಪನಿಯ ಕಾರ್ಡಿಗೆ ಒಂದೊಂದು ಭಾಷೆ. ಯಜಮಾನನಿಗೆ ಅಷ್ಟೂ ಭಾಷೆ ಬರುವುದಿಲ್ಲ. ಅದಕ್ಕೇ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ಡ್ರೈವರ್ ಇಲ್ಲದ ನೆಟ್‌ವರ್ಕ್ ಕಾರ್ಡ್ ಎಷ್ಟೇ ದುಬಾರಿಯದಾಗಿರಲಿ, ಬರೀ ಲೋಹದ ತುಂಡು.

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಹೊರಟು ಲ್ಯಾನ್ ಕಾರ್ಡ್ ಕಾಣದೆ ಒದ್ದಾಡಿದವರಿಗೆ ಈ ನೋವು ಗೊತ್ತು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬಂಥ ಪರಿಸ್ಥಿತಿ. ಕೊನೆಗೆ ಪಕ್ಕದ ಮನೆಯ ಕಂಪ್ಯೂಟರಿನಿಂದ ಫ್ಲಾಪಿಯಲ್ಲೋ ಸಿಡಿಯಲ್ಲೋ ತಂದು, ಕರ್ನಲ್‌ನ ಸೋರ್ಸ್ ಕೋಡ್ ಬಿಚ್ಚಿ, ಪಟ್ಟಿಯಲ್ಲಿ ಆ ಕಾರ್ಡಿನ ಹೆಸರಿಗೆ ಗುರುತು ಹಾಕಿ, ಇಡೀ ಕರ್ನಲ್ ಅನ್ನು ಹೊಸದಾಗಿ ಕಂಪೈಲ್ ಮಾಡಿ, ರೀಸ್ಟಾರ್ಟ್ ಮಾಡಿ ಕಾಯಬೇಕು. ನಿಧಾನದ ಯಂತ್ರವಾದರೆ ಒಂದು ರಾತ್ರಿಯೇ ಹಿಡಿಯುತ್ತಿತ್ತು. ತಿಳಿದವರು ಹಳೆಯ ಕರ್ನಲ್ ಅಳಿಸುತ್ತಿರಲಿಲ್ಲ, ಹೊಸದು ಕೈಕೊಟ್ಟರೆ ಹಳೆಯದರಿಂದ ಎದ್ದು ಬರಬೇಕಲ್ಲ.

ಕಷ್ಟ ನಿಜ. ಆದರೆ ಒಮ್ಮೆ ಯೋಚಿಸಿ: ಕಾರ್ಡ್ ತಯಾರಿಸಿದ ಕಂಪನಿಯನ್ನೂ ಕೇಳದೆ, ಆಪರೇಟಿಂಗ್ ಸಿಸ್ಟಮ್ ಬರೆದವರನ್ನೂ ಕೇಳದೆ, ಮನೆಯಲ್ಲಿ ಕೂತ ಒಬ್ಬ ವಿದ್ಯಾರ್ಥಿ ತನ್ನ ಯಂತ್ರದ ತಿರುಳನ್ನೇ ಮತ್ತೆ ಕಟ್ಟಿಕೊಳ್ಳಬಹುದು ಎಂಬುದು ಸಣ್ಣ ಮಾತೇ? ರಿಚಿಯವರ ಕೆಲಸ ಇರುವುದು ಇಲ್ಲಿಯೇ.

ಮೊದಲ ಯೂನಿಕ್ಸ್ ಅಸೆಂಬ್ಲಿ ಭಾಷೆಯಲ್ಲಿತ್ತು. ಅಂದರೆ ಒಂದು ನಿರ್ದಿಷ್ಟ ಯಂತ್ರಕ್ಕೆ ಮಾತ್ರ ಅರ್ಥವಾಗುವ ಸೂಚನೆಗಳು. ಯಂತ್ರ ಬದಲಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಥಾಂಪ್ಸನ್ ಬಳಸುತ್ತಿದ್ದ ಬಿ ಎಂಬ ಪುಟ್ಟ ಭಾಷೆಯನ್ನು ರಿಚಿ 1971ರಿಂದ ತಿದ್ದುತ್ತಾ ಹೋಗಿ ಸಿ ಭಾಷೆ ಮಾಡಿದರು. ಬಿ ಕೂಡ ಆಕಾಶದಿಂದ ಬಿದ್ದದ್ದಲ್ಲ, ಇಂಗ್ಲೆಂಡಿನ ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್ ಅದರ ಅಜ್ಜಿ. 1972ರಲ್ಲಿ ಕರ್ನಲ್ ಅನ್ನು ಸಿ ಭಾಷೆಗೆ ತರಲು ಥಾಂಪ್ಸನ್ ಮಾಡಿದ ಪ್ರಯತ್ನ ಸೋತಿತು. ಬೇರೆ ಬೇರೆ ಬಗೆಯ ಮಾಹಿತಿಯನ್ನು ಒಂದೇ ಗಂಟಿನಲ್ಲಿ ಕಟ್ಟಿಡುವ ಸೌಲಭ್ಯ ಭಾಷೆಯಲ್ಲಿ ಇನ್ನೂ ಇರಲಿಲ್ಲ. ರಿಚಿ ಅದನ್ನು ಸೇರಿಸಿದರು, ಅದೇ ಸ್ಟ್ರಕ್ಚರ್. 1973ರ ಬೇಸಿಗೆಯಲ್ಲಿ ಇಬ್ಬರೂ ಕೂತು ಕರ್ನಲ್ ಅನ್ನು ಸಿ ಭಾಷೆಯಲ್ಲಿ ಬರೆದು ಮುಗಿಸಿದರು. ಹೊಸದು ಹಳೆಯದಕ್ಕಿಂತ ಮೂರನೇ ಒಂದು ಪಾಲು ದಪ್ಪವಾಯಿತು. ಮೆಮೊರಿ ಚಿನ್ನದಷ್ಟು ದುಬಾರಿಯಾಗಿದ್ದ ಕಾಲ ಅದು, ಆದರೂ ಅವರು ಹಿಂಜರಿಯಲಿಲ್ಲ. ಓದಬಲ್ಲ, ತಿದ್ದಬಲ್ಲ ಕರ್ನಲ್ ಸಿಕ್ಕಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಮೇಲ್ಮಟ್ಟದ ಭಾಷೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಬರೆದವರಲ್ಲಿ ರಿಚಿ ಮೊದಲಿಗರಲ್ಲ. ಮಲ್ಟಿಕ್ಸ್ ಬಹುಪಾಲು ಪಿಎಲ್-ಒನ್ ಭಾಷೆಯಲ್ಲಿತ್ತು, ಬರೋಸ್ ಕಂಪನಿ 1960ರ ದಶಕದಲ್ಲೇ ಆಲ್ಗಾಲ್ ಬಗೆಯ ಭಾಷೆ ಬಳಸಿತ್ತು. ವ್ಯತ್ಯಾಸ ಏನೆಂದರೆ ಅವು ದೊಡ್ಡ, ದುಬಾರಿ ಯಂತ್ರಗಳ ಕಥೆ. ರಿಚಿ ಮತ್ತು ಥಾಂಪ್ಸನ್ ಅದನ್ನು ಒಂದು ಕಾಲೇಜು ವಿಭಾಗ ಕೊಳ್ಳಬಹುದಾದ ಸಣ್ಣ ಯಂತ್ರದಲ್ಲಿ ಮಾಡಿ ತೋರಿಸಿದರು.

ಆ ಕರ್ನಲ್‌ನ ಒಳಗೆ ಇಣುಕಿದರೆ ಒಂದು ಸ್ವಾರಸ್ಯ ಕಾಣುತ್ತದೆ. 1975ರ ಆರನೇ ಆವೃತ್ತಿಯಲ್ಲಿ ಸೋರ್ಸ್ ಕೋಡ್ ಮುಖ್ಯವಾಗಿ ಎರಡು ಫೋಲ್ಡರುಗಳಲ್ಲಿತ್ತು. ಒಂದರ ಹೆಸರು ಕೆನ್. ಇನ್ನೊಂದರ ಹೆಸರು ಡಿ-ಎಂ-ಆರ್, ಅಂದರೆ ಡೆನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ. ಹೊರಗಿನ ಸಾಧನಗಳ ಡ್ರೈವರುಗಳೆಲ್ಲ ಇದ್ದದ್ದು ಈ ಎರಡನೆಯ ಫೋಲ್ಡರಿನಲ್ಲಿ. ಯಾವ ಸಾಧನ ಇದೆ, ಅದನ್ನು ತೆರೆಯಲು, ಓದಲು, ಬರೆಯಲು ಯಾವ ಫಂಕ್ಷನ್ ಕರೆಯಬೇಕು ಎಂಬುದಕ್ಕೆ ಒಂದು ಕೋಷ್ಟಕವಿತ್ತು. ಶಾಲೆಯ ಹಾಜರಿ ಪುಸ್ತಕ ಇದ್ದಂತೆ ಎಂದುಕೊಳ್ಳಿ. ಹೊಸ ಸಾಧನ ಬಂದರೆ ಅದಕ್ಕೊಂದು ಡ್ರೈವರ್ ಬರೆದು, ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಿ, ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿದರೆ ಮುಗಿಯಿತು. ಕರ್ನಲ್‌ನ ಉಳಿದ ಭಾಗವನ್ನು ಹೆಚ್ಚಾಗಿ ಮುಟ್ಟಬೇಕಾಗಿರಲಿಲ್ಲ. ಪ್ರೋಗ್ರಾಮುಗಳ ಕಣ್ಣಿಗೆ ಪ್ರಿಂಟರ್ ಆಗಲಿ ಟರ್ಮಿನಲ್ ಆಗಲಿ ಒಂದು ಫೈಲ್‌ನಂತೆಯೇ ಕಾಣುತ್ತಿತ್ತು.

ಇದರ ಫಲ ಬೇಗನೇ ಕಂಡಿತು. ಇಂಟರ್ನೆಟ್‌ನ ಪೂರ್ವಜ ಆರ್ಪಾನೆಟ್ ಶುರುವಾದದ್ದು 1969ರಲ್ಲಿ, ಆಗ ಸಿ ಭಾಷೆ ಹುಟ್ಟೇ ಇರಲಿಲ್ಲ. ಹಾಗಾಗಿ ರಿಚಿ ಇಲ್ಲದೆ ಇಂಟರ್ನೆಟ್ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಆದರೆ 1975ರ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾಲಯದವರು ಯೂನಿಕ್ಸ್ ಕರ್ನಲ್‌ಗೆ ತಮ್ಮದೇ ಕೋಡ್ ಸೇರಿಸಿ ಮತ್ತೆ ಕಟ್ಟಿ, ಅದನ್ನು ಆರ್ಪಾನೆಟ್‌ಗೆ ಜೋಡಿಸಿಬಿಟ್ಟಿದ್ದರು. ಬೆಲ್ ಲ್ಯಾಬ್ಸ್ ಅವರಿಗಾಗಿ ಏನನ್ನೂ ಬರೆದುಕೊಡಬೇಕಾಗಲಿಲ್ಲ. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಹೊರತಂದ ಯೂನಿಕ್ಸ್‌ನಲ್ಲಿ ಇಂದಿನ ಇಂಟರ್ನೆಟ್ ಬಳಸುವ ಟಿಸಿಪಿ-ಐಪಿ ಮತ್ತು ಈಥರ್ನೆಟ್ ಕಾರ್ಡುಗಳ ಡ್ರೈವರುಗಳು ಬಂದವು. ಅದರ ವಂಶದ ಫ್ರೀಬಿಎಸ್‌ಡಿ ಮೇಲೆ ವಾಟ್ಸಾಪ್ ತನ್ನ ಆರಂಭದ ವರ್ಷಗಳಲ್ಲಿ ಸರ್ವರುಗಳನ್ನು ಓಡಿಸುತ್ತಿತ್ತು. ರಿಚಿ ಬಗ್ಗೆ ಆಗ ಬಂದ ಫಾರ್ವರ್ಡ್ ಆ ದಾರಿಯಲ್ಲೇ ನಿಮ್ಮನ್ನು ತಲುಪಿದ್ದಿರಬೇಕು.

ಇದೆಲ್ಲ ಸಾಧ್ಯವಾಗಲು ಇನ್ನೊಂದು ಕಾರಣವೂ ಇತ್ತು, ಅದರ ಶ್ರೇಯಸ್ಸು ರಿಚಿಗೆ ಸಲ್ಲದು. 1956ರ ಒಂದು ಕಾನೂನು ಒಪ್ಪಂದದಿಂದಾಗಿ ಬೆಲ್ ಲ್ಯಾಬ್ಸ್‌ನ ಒಡೆಯ ಎಟಿ ಅಂಡ್ ಟಿ ಕಂಪನಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರ ಮಾಡುವಂತಿರಲಿಲ್ಲ. ಹಾಗಾಗಿ ಯೂನಿಕ್ಸ್ ಅನ್ನು ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ ಕೊಟ್ಟಿತು. 1979ರ ಏಳನೇ ಆವೃತ್ತಿಯ ಹೊತ್ತಿಗೆ ಕಂಪನಿಯ ಮನಸ್ಸು ಬದಲಾಗಿತ್ತು, ತರಗತಿಯಲ್ಲಿ ಆ ಕೋಡ್ ಇಟ್ಟುಕೊಂಡು ಪಾಠ ಮಾಡುವಂತಿಲ್ಲ ಎಂದಿತು. ಬಾಗಿಲು ಮುಚ್ಚಿದ್ದರಿಂದಲೇ ಪಾಠಕ್ಕಾಗಿ ಮಿನಿಕ್ಸ್ ಹುಟ್ಟಿತು, ಅದನ್ನು ನೋಡಿ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬರೆದರು, ಸಿ ಭಾಷೆಯಲ್ಲಿ. ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಆ ಕರ್ನಲ್. ನಿಮ್ಮ ಫೋನಿನ ವೈಫೈ ಚಿಪ್‌ಗೂ ಅದರಲ್ಲಿ ಒಬ್ಬ ದುಭಾಷಿ ಇದ್ದಾನೆ.

1977-78ರಲ್ಲಿ ರಿಚಿ, ಸ್ಟೀವ್ ಜಾನ್ಸನ್ ಮತ್ತು ಥಾಂಪ್ಸನ್ ಯೂನಿಕ್ಸ್ ಅನ್ನು ಇಂಟರ್‌ಡೇಟಾ 8/32 ಎಂಬ ಪೂರ್ತಿ ಬೇರೆ ಜಾತಿಯ ಯಂತ್ರಕ್ಕೆ ಸಾಗಿಸಿ, ಇದು ಒಂದು ಯಂತ್ರದ ಸೊತ್ತಲ್ಲ ಎಂದು ತೋರಿಸಿದರು. 1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ಬರೆದ ಸಿ ಭಾಷೆಯ ಪುಸ್ತಕ ಹೊರಬಂತು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದಲ್ಲಿ ಸಿ ಕಲಿತು ಹಲೋ ವರ್ಲ್ಡ್ ಪ್ರೋಗ್ರಾಮ್ ಬರೆದವರೆಲ್ಲ ಆ ಪುಸ್ತಕದ ಋಣದಲ್ಲಿದ್ದಾರೆ. ನೆಟ್‌ವರ್ಕ್ ಮತ್ತು ಟರ್ಮಿನಲ್ ಡ್ರೈವರುಗಳನ್ನು ಬಿಡಿಬಿಡಿ ತುಂಡುಗಳಾಗಿ ಒಂದರ ಮೇಲೊಂದು ಜೋಡಿಸುವ ಸ್ಟ್ರೀಮ್ಸ್ ಎಂಬ ವ್ಯವಸ್ಥೆಯೂ ಅವರದೇ, ಅದರ ಪ್ರಬಂಧ ಪ್ರಕಟವಾದದ್ದು 1984ರಲ್ಲಿ.

ಇನ್ನು ಯಾರೂ ಕೇಳಲಿಲ್ಲ ಎಂಬ ಆರೋಪ. 1983ರಲ್ಲೇ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು, ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ. ಅವರು ಬೀದಿಯಲ್ಲಿ ಜನ ಗುರುತಿಸುವಂಥವರಾಗಿರಲಿಲ್ಲ ಅಷ್ಟೇ. ಮಿತಭಾಷಿ, ಮದುವೆಯಾಗಲಿಲ್ಲ, ಜೀವನಪೂರ್ತಿ ಬಹುತೇಕ ಒಂದೇ ಸಂಸ್ಥೆಯಲ್ಲಿ ದುಡಿದು 2007ರಲ್ಲಿ ನಿವೃತ್ತರಾದರು.

ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು. ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ರಿಚಿ ಸತ್ತಿರುವುದು ಕಂಡುಬಂತು. ವಯಸ್ಸು 70, ಒಬ್ಬರೇ ಇದ್ದರು, ಕ್ಯಾನ್ಸರ್ ಮತ್ತು ಹೃದ್ರೋಗದ ಚಿಕಿತ್ಸೆಯಿಂದ ಕೆಲವು ವರ್ಷಗಳಿಂದ ಸೊರಗಿದ್ದರು. ಹಳೆಯ ಸಹೋದ್ಯೋಗಿ ರಾಬ್ ಪೈಕ್ ಗೂಗಲ್ ಪ್ಲಸ್‌ನಲ್ಲಿ ಸುದ್ದಿ ಹಾಕಿದಾಗಲೇ ಹೆಚ್ಚಿನವರಿಗೆ ತಿಳಿದದ್ದು. ದೊಡ್ಡ ಪತ್ರಿಕೆಗಳೆಲ್ಲ ಬರೆದವು, ಆದರೆ ಜಾಬ್ಸ್‌ಗೆ ಸಿಕ್ಕಷ್ಟು ಪುಟಗಳು ಸಿಗಲಿಲ್ಲ ಎಂಬುದು ನಿಜ.

ಮುಂದಿನ ತಿಂಗಳು ಬಂದ ಫೆಡೋರಾ 16 ಲಿನಕ್ಸ್ ಆವೃತ್ತಿಯನ್ನು ಅದನ್ನು ಕಟ್ಟಿದವರು ರಿಚಿ ನೆನಪಿಗೆ ಅರ್ಪಿಸಿದರು. 2012ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 9.0 ಕೂಡ ಅವರಿಗೇ ಅರ್ಪಿತ. ಎರಡರಲ್ಲೂ ಸೋರ್ಸ್ ಕೋಡ್ ತೆರೆದೇ ಇತ್ತು. ಕಾರ್ಡ್ ಕಾಣದವರು ಡ್ರೈವರ್ ಸೇರಿಸಿ ಕರ್ನಲ್ ಅನ್ನು ಮತ್ತೆ ಕಟ್ಟಿಕೊಳ್ಳಬಹುದಿತ್ತು.