ಎರಡು ಕಿವಿಗಳ ಲೆಕ್ಕ

ಮಣ್ಣಗುಡ್ಡದ ನಮ್ಮ ಮನೆಯ ಮಹಡಿಯ ಕೋಣೆಯನ್ನು ನನ್ನ ಅಕ್ಕನ ಮಗ ಸಂಗೀತಶಾಲೆಯನ್ನಾಗಿ ಮಾಡಿಕೊಂಡಿದ್ದಾನೆ. ಅಲ್ಲಿ ವೀಣೆಯಿಲ್ಲ, ಮೃದಂಗವಿಲ್ಲ. ಒಂದು ಲ್ಯಾಪ್‌ಟಾಪು, ಒಂದು ಹೆಡ್‌ಫೋನು, ಪಿಯಾನೋದ ಮರಿಯಂತಿರುವ ಪುಟ್ಟ ಕೀಬೋರ್ಡು. ಇಷ್ಟೇ ಅವನ ಮೇಳ. ಕಳೆದ ವರ್ಷ ಅವನು ತಾನು ರಚಿಸಿದ ಒಂದು ಕೃತಿಯನ್ನು ನನಗೆ ಕೇಳಿಸಿದನು. ‘ಬೇಸ್’ ಎಂದು ಅವರು ಕರೆಯುವ ಮಂದ್ರದ ಎಳೆಯೊಂದು ತಲೆಯ ಎರಡೂ ಪಕ್ಕಗಳಲ್ಲಿ ಕಡಲಿನಂತೆ ಹರಡಿಕೊಂಡು ಮೊರೆಯುತ್ತಿದ್ದಿತು. ಪಂಪ ಕುಮಾರವ್ಯಾಸರಲ್ಲೇ ಕಿವಿ ಪಳಗಿದ ನನಗೂ ಅದು ಹಿಡಿಸಿತು. ಕೆಲವು ದಿನಗಳ ಮೇಲೆ ಗೆಳೆಯರ ಕೂಟವೊಂದರಲ್ಲಿ ಅದೇ ಕೃತಿಯನ್ನು ಒಂಟಿ ಸ್ಪೀಕರಿನ ಪೆಟ್ಟಿಗೆಯಿಂದ ಹಾಕಿದಾಗ ತಾಳ ಕೇಳಿಸಿತು, ಮೇಲಿನ ಸ್ವರಗಳು ಕೇಳಿಸಿದವು, ಮಂದ್ರ ಮಾತ್ರ ಇರಲಿಲ್ಲ. ಸಣ್ಣಗಾಗಿತ್ತೆಂದಲ್ಲ, ಇರಲೇ ಇಲ್ಲ. ಹುಡುಗನ ಮುಖ ಬಾಡಿತು. ಆರು ತಿಂಗಳ ದುಡಿಮೆ ಅದು.

ಕಾರಣವನ್ನು ಅವನೇ ಆಮೇಲೆ ಕಂಡುಕೊಂಡನು. ಮಂದ್ರವನ್ನು ಅಗಲಗೊಳಿಸುವ ಆಸೆಯಿಂದ ಅವನು ಎಡಗಿವಿಗೆ ಕೊಟ್ಟ ಅಲೆಯನ್ನೇ ತಿರುವುಮುರುವಾಗಿಸಿ ಬಲಗಿವಿಗೆ ಕೊಟ್ಟಿದ್ದನು. ಹೆಡ್‌ಫೋನಿನಲ್ಲಿ ಒಂದೊಂದು ಕಿವಿ ತನ್ನದನ್ನಷ್ಟೇ ಕೇಳುವುದರಿಂದ ಮೋಸ ಗೊತ್ತಾಗಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಕೂಡಿದಾಗ ಉಬ್ಬಿಗೆ ತಗ್ಗು ಸೇರಿ ಸೊನ್ನೆಯಾಯಿತು. ಈ ಕೂಡುವ ಕಳೆಯುವ ಲೆಕ್ಕವನ್ನು ಮೊದಲು ಹಾಕಿದವರು ಯಾರೆಂದು ಹುಡುಕಹೊರಟು ನಾನು ಒಬ್ಬ ಆಂಗ್ಲ ಎಂಜಿನಿಯರನ ಬಾಳಿನ ಮುಂದೆ ಬಂದು ನಿಂತೆ.

ಅಲನ್ ಡವರ್ ಬ್ಲಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದ ಗಣಿ ಎಂಜಿನಿಯರ್. ತಾಯಿ ದಕ್ಷಿಣ ಆಫ್ರಿಕದಲ್ಲಿದ್ದ ಸ್ಕಾಟಿಷ್ ಪಾದ್ರಿಯೊಬ್ಬರ ಮಗಳು. ಏಳು ವರ್ಷದ ಬಾಲಕ ಮನೆಯ ಕರೆಗಂಟೆಯನ್ನು ರಿಪೇರಿ ಮಾಡಿ, ತಾನೇ ಎಲೆಕ್ಟ್ರಿಕಲ್ ಎಂಜಿನಿಯರನೆಂದು ಸಹಿ ಹಾಕಿ ತಂದೆಗೆ ಬಿಲ್ಲು ಕೊಟ್ಟನಂತೆ. ಹನ್ನೆರಡು ತುಂಬುವವರೆಗೆ ಅವನಿಗೆ ಓದು ಸರಿಯಾಗಿ ಬರುತ್ತಿರಲಿಲ್ಲವೆಂದು ಅಕ್ಕ ಹಾಸ್ಯ ಮಾಡುತ್ತಿದ್ದಳು. ಆಗಲೇ ವರ್ಗಸಮೀಕರಣಗಳು ಬರುತ್ತಿದ್ದವಲ್ಲ ಎಂಬುದು ಅವನ ಸಮಾಧಾನ. ಉಪಾಧ್ಯಾಯವೃತ್ತಿಯ ನನ್ನಂಥವರು ಈ ಸಂಗತಿಯನ್ನು ಆಗಾಗ ನೆನೆಯುವುದು ಒಳ್ಳೆಯದು. 1923ರಲ್ಲಿ ಅವನು ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಿಂದ ಪ್ರಥಮ ದರ್ಜೆಯಲ್ಲಿ ಪದವಿ ಪಡೆದನು.

ಮೊದಲ ಕೆಲಸ ಟೆಲಿಫೋನು ತಂತಿಗಳದು. ದೂರದ ಊರುಗಳ ನಡುವೆ ಒಂದು ತಂತಿಯ ಮಾತು ಪಕ್ಕದ ತಂತಿಗೆ ಸೋರುವುದನ್ನು ತಡೆಯುವ ಉಪಾಯಗಳನ್ನು ಅವನು ಅಲ್ಲಿ ಕಂಡುಹಿಡಿದನು. 1929ರಲ್ಲಿ ಕೊಲಂಬಿಯ ಗ್ರಾಫೋಫೋನ್ ಕಂಪನಿ ಸೇರಿದನು. ಆಗ ವಿದ್ಯುತ್ತಿನಿಂದ ರಿಕಾರ್ಡು ಕೊರೆಯುವ ಯಂತ್ರದ ಹಕ್ಕು ಅಮೆರಿಕದವರ ಕೈಯಲ್ಲಿದ್ದು, ಅವರಿಗೆ ರಾಯಧನ ತೆರಬೇಕಾಗಿದ್ದಿತು. ಬ್ಲಮ್‌ಲೈನ್ ಬೇರೆ ತತ್ತ್ವದ ಮೇಲೆ ಹೊಸ ಯಂತ್ರವನ್ನೇ ಕಟ್ಟಿ ಆ ತೆರಿಗೆಯನ್ನು ತಪ್ಪಿಸಿದನು. 1931ರಲ್ಲಿ ಕಂಪನಿಗಳು ಕೂಡಿ ಇ.ಎಂ.ಐ. ಆಯಿತು, ಹೇಸ್ ಎಂಬಲ್ಲಿನ ಅದರ ಪ್ರಯೋಗಾಲಯವೇ ಅವನ ಕರ್ಮಭೂಮಿಯಾಯಿತು.

ಅದೇ ವರ್ಷದ ಒಂದು ಸಂಜೆ ತಾನು ಮುಂದೆ ಮದುವೆಯಾಗಲಿದ್ದ ಡೋರೀನಳೊಡನೆ ಅವನು ಟಾಕಿ ಚಿತ್ರಕ್ಕೆ ಹೋಗಿದ್ದನು. ನಟ ತೆರೆಯ ಈ ಅಂಚಿನಿಂದ ಆ ಅಂಚಿಗೆ ನಡೆದರೂ ದನಿ ಒಂದೇ ಕಡೆಯಿಂದ ಬರುತ್ತಿರುವುದು ಅವನನ್ನು ಕಾಡಿತು. ಕುರುಡನೊಬ್ಬನಿಗೆ ಇದು ಎಷ್ಟು ಅಸಂಬದ್ಧವಾಗಿ ತೋರಬಹುದೆಂದು ಹೇಳಿ, ಇದಕ್ಕೆ ತನ್ನ ಬಳಿ ಪರಿಹಾರವಿದೆಯೆಂದೂ ಸೇರಿಸಿದನಂತೆ. ಆ ವರ್ಷದ ಡಿಸೆಂಬರ್ 14ರಂದು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ 70 ಹಕ್ಕುಗಳಿದ್ದವು. ಸ್ಟೀರಿಯೋ ಎಂದು ಇಂದು ನಾವು ಕರೆಯುವುದರ ಬೇರುಗಳೆಲ್ಲ ಅದರಲ್ಲಿವೆ. ಅವನು ಬಳಸಿದ್ದು ‘ಎರಡು ಕಿವಿಗಳ’ ಎಂಬರ್ಥದ ಲ್ಯಾಟಿನ್ ಮೂಲದ ಪದವನ್ನು. ಆಗ ಅವನಿಗೆ 28 ವರ್ಷ.

ಇಲ್ಲಿ ತುಸು ಭೌತಶಾಸ್ತ್ರ ಅನಿವಾರ್ಯ. ಯಕ್ಷಗಾನದ ರಂಗಸ್ಥಳದ ಮುಂದೆ ಕಣ್ಣು ಮುಚ್ಚಿ ಕುಳಿತರೂ ಚೆಂಡೆ ಎತ್ತಣಿಂದ ಎಂಬುದು ನಮಗೆ ತಿಳಿಯುತ್ತದೆ. ಹೇಗೆ? ಪಣಂಬೂರಿನ ಕಡಲಲ್ಲಿ ಒಂದು ಗೂಟ ನೆಟ್ಟಿದೆಯೆನ್ನಿ. ಪುಟ್ಟ ತೆರೆಗಳು ಅದಕ್ಕೆ ಬಡಿದು ಹಿಂದೆ ನೆರಳಿನಂತಹ ಶಾಂತ ನೀರನ್ನು ಬಿಡುತ್ತವೆ. ಹೆದ್ದೆರೆ ಗೂಟವಿದೆಯೆಂಬುದನ್ನೇ ಅರಿಯದೆ ದಾಟಿಹೋಗುತ್ತದೆ. ನಮ್ಮ ತಲೆಯೂ ಅಂಥದೊಂದು ಗೂಟ. ತಾರದ ಸ್ವರಗಳಿಗೆ ಅದು ನೆರಳು ಮಾಡುತ್ತದೆ. ಆದ್ದರಿಂದ ಒಂದು ಕಿವಿಗೆ ದನಿ ಜೋರು, ಇನ್ನೊಂದಕ್ಕೆ ಮೆಲ್ಲಗೆ. ಸೆಕೆಂಡಿಗೆ 100 ಕಂಪನಗಳ ಮಂದ್ರಸ್ವರದ ಅಲೆಯಾದರೋ ಸುಮಾರು 3.4 ಮೀಟರ್ ಉದ್ದ. ಅದಕ್ಕೆ ತಲೆ ಲೆಕ್ಕಕ್ಕಿಲ್ಲ. ಎರಡು ಕಿವಿಗಳಿಗೂ ಒಂದೇ ಬಲದಲ್ಲಿ ಬರುತ್ತದೆ. ಸೆಕೆಂಡಿನ ಸಾವಿರದೊಂದು ಪಾಲಿಗಿಂತಲೂ ಕಿರಿದಾದ ಹಿಂದುಮುಂದು ಮಾತ್ರ ವ್ಯತ್ಯಾಸ.

ಕಿವಿಗಳಷ್ಟೇ ದೂರದಲ್ಲಿ ಎರಡು ಮೈಕುಗಳನ್ನಿಟ್ಟರೆ ಅವು ಮಂದ್ರದ ಈ ಕಿರುವ್ಯತ್ಯಾಸವನ್ನು ಹಿಡಿಯುತ್ತವೆ, ನಿಜ. ಆದರೆ ಅದನ್ನು ಎರಡು ಸ್ಪೀಕರುಗಳಿಂದ ಹೊರಬಿಟ್ಟಾಗ ಪ್ರತಿ ಕಿವಿಯೂ ಎರಡೂ ಸ್ಪೀಕರುಗಳನ್ನು ಕೇಳುವುದರಿಂದ ದಿಕ್ಕು ಕಲಸಿಹೋಗುತ್ತದೆ. ಬ್ಲಮ್‌ಲೈನ್ ಮಾಡಿದ್ದಿಷ್ಟು: ಎರಡು ಮೈಕುಗಳ ಸಂಕೇತಗಳನ್ನು ಕೂಡಿ ಒಂದು ಮೊತ್ತ, ಕಳೆದು ಒಂದು ಶೇಷ. ಮಂದ್ರಸ್ವರಗಳಲ್ಲಿ ಶೇಷ ತೀರ ಸಣ್ಣದು. ಆ ಶೇಷದ ಮಂದ್ರಭಾಗವನ್ನು ಹಿಗ್ಗಿಸಿ, ಮತ್ತೆ ಮೊತ್ತದೊಡನೆ ಕೂಡಿ ಕಳೆದು ಎಡಬಲಗಳನ್ನು ಪಡೆದನು. ಕಾಲದ ವ್ಯತ್ಯಾಸ ಬಲದ ವ್ಯತ್ಯಾಸವಾಯಿತು. ಕೇಳುವವನ ಕಿವಿಯಲ್ಲಿ ಅದು ಪುನಃ ಕಾಲದ ವ್ಯತ್ಯಾಸವಾಗಿ ಮಾರ್ಪಟ್ಟು ದಿಕ್ಕು ಸ್ಪಷ್ಟವಾಯಿತು. ಎಷ್ಟು ಸಾರಿ ಓದಿದರೂ ನನಗೆ ಇದು ಜಾಣ ಶ್ಲೇಷೆಯೊಂದನ್ನು ಬಿಡಿಸಿದಷ್ಟೇ ಸೊಗಸಾಗಿ ಕಾಣುತ್ತದೆ.

ಶೇಷವನ್ನು ಎಷ್ಟು ಹಿಗ್ಗಿಸಿದರೂ ಮೊತ್ತ ಬದಲಾಗುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸಿದರೆ ಶೇಷ ಅಳಿದು ಮೊತ್ತ ಉಳಿಯುತ್ತದೆ. ನಮ್ಮ ಹುಡುಗನ ಮಂದ್ರದಲ್ಲಿ ಮೊತ್ತವೇ ಇರಲಿಲ್ಲ, ಇದ್ದದ್ದೆಲ್ಲ ಶೇಷ. ಬ್ಲಮ್‌ಲೈನ್ ಹಿಗ್ಗಿಸಿದ್ದು ಲೋಕದಲ್ಲಿ ಆಗಲೇ ಇದ್ದ ದಿಕ್ಕನ್ನು. ಇವನು ಇಲ್ಲದ ದಿಕ್ಕನ್ನು ಹಿಗ್ಗಿಸಹೋದನು.

ರಿಕಾರ್ಡಿನ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎಡಬಲಗಳನ್ನು ಕೊರೆಯುವ ವಿಧಾನವೂ ಅದೇ ಪೇಟೆಂಟಿನಲ್ಲಿದೆ. ಅಂಥ ಗೀರಿನಲ್ಲಿ ಮೊತ್ತ ಮುಳ್ಳನ್ನು ಅಡ್ಡಕ್ಕೆ ಆಡಿಸಿದರೆ, ಶೇಷ ಮೇಲೆ ಕೆಳಗೆ ಆಡಿಸುತ್ತದೆ. ಮಂದ್ರದ ಶೇಷ ಹೆಚ್ಚಾದರೆ ಮುಳ್ಳು ಗೀರಿನಿಂದ ಹೊರಗೆ ನೆಗೆಯುತ್ತದೆ. ರಿಕಾರ್ಡು ಕೊರೆಯುವವರು ಮಂದ್ರವನ್ನು ನಡುವಿನಲ್ಲೇ ನಿಲ್ಲಿಸುವ ರೂಢಿಗೆ ಇದೂ ಒಂದು ಕಾರಣ. 1934ರ ಜನವರಿಯಲ್ಲಿ ಅಬ್ಬೆ ರೋಡಿನ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಮೋಟ್ಸಾರ್ಟನ ‘ಜುಪಿಟರ್’ ಸಿಂಫನಿಯನ್ನು ನಡೆಸಿದಾಗ ಬ್ಲಮ್‌ಲೈನ್ ಅದನ್ನು ಈ ಕ್ರಮದಿಂದ ಹಿಡಿದಿಟ್ಟನು. ಆದರೆ ಪೇಟೆಗೆ ಅದು ಬೇಕಾಗಿರಲಿಲ್ಲ. ಕಂಪನಿ ಅವನನ್ನು ಟೆಲಿವಿಷನ್ನಿನ ಕಡೆಗೆ ತಿರುಗಿಸಿತು. 1936ರ ನವೆಂಬರಿನಲ್ಲಿ ಬಿ.ಬಿ.ಸಿ. ಆರಂಭಿಸಿದ ಪ್ರಸಾರದ 405 ಗೆರೆಗಳ ಪದ್ಧತಿಯಲ್ಲಿ ಅವನ ಪಾಲು ದೊಡ್ಡದು. ಸ್ಟೀರಿಯೋ ರಿಕಾರ್ಡುಗಳು ಅಂಗಡಿಗೆ ಬಂದದ್ದು 1958ರ ಸುಮಾರಿಗೆ, ಅಮೆರಿಕದ ದಾರಿಯಾಗಿ.

ಅದನ್ನು ನೋಡಲು ಅವನಿರಲಿಲ್ಲ. ಯುದ್ಧ ಬಂದೊಡನೆ ಅವನ ಬುದ್ಧಿ ರಾಡಾರಿಗೆ ಮೀಸಲಾಯಿತು. ಕತ್ತಲಲ್ಲೂ ಮೋಡದ ಮೇಲಿನಿಂದಲೂ ನೆಲದ ಚಿತ್ರವನ್ನು ವಿಮಾನಕ್ಕೆ ತೋರಿಸುವ ‘ಎಚ್‌2ಎಸ್’ ಎಂಬ ಉಪಕರಣದ ಪರೀಕ್ಷೆಗಾಗಿ 1942ರ ಜೂನ್ 7ರಂದು ಅವನು ಹ್ಯಾಲಿಫ್ಯಾಕ್ಸ್ ವಿಮಾನದಲ್ಲಿ ಹಾರಿದನು. ಎಂಜಿನ್ನಿಗೆ ಬೆಂಕಿ ಹತ್ತಿ, ವೆಲ್ಷ್ ಬಿಕ್ನರ್ ಎಂಬ ಹಳ್ಳಿಯ ಬಳಿ ವಿಮಾನ ಬಿದ್ದು, ಅದರಲ್ಲಿದ್ದ 11 ಮಂದಿಯೂ ಮಡಿದರು. ಸರಿಯಾಗಿ ಬಿಗಿಯದ ಒಂದು ನಟ್ಟು ಕಾರಣವೆಂದು ಮುಂದೆ ತಿಳಿದುಬಂದಿತು. ಅವನಿಗೆ 39 ತುಂಬಲು ಮೂರು ವಾರಗಳಿದ್ದವು. ಮನೆಯಲ್ಲಿ ಡೋರೀನ್, ಇಬ್ಬರು ಗಂಡುಮಕ್ಕಳು. ಹೆಸರಿನಲ್ಲಿ 128 ಪೇಟೆಂಟುಗಳು. ಯುದ್ಧರಹಸ್ಯವೆಂದು ಸಾವಿನ ಸುದ್ದಿಯನ್ನೂ ಮುಚ್ಚಿಟ್ಟರು. 1943ರ ಜನವರಿಯ ಕೊನೆಯಲ್ಲಿ ಅದೇ ಉಪಕರಣವನ್ನು ಹೊತ್ತ ವಿಮಾನಗಳು ಹ್ಯಾಂಬರ್ಗ್ ನಗರದ ಮೇಲೆ ಹಾರಿದವು. ಅವನ ತಂದೆ ಹುಟ್ಟಿದ ದೇಶ ಅದು. ಇದನ್ನು ಬರೆಯುವಾಗ ನನ್ನ ಲೇಖನಿ ತಡೆಯುತ್ತದೆ.

ಈಲಿಂಗ್‌ನಲ್ಲಿ ಅವನು ವಾಸವಾಗಿದ್ದ ಮನೆಗೆ 1977ರಲ್ಲಿ ಸ್ಮಾರಕಫಲಕ ಬಂದಿತು. ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಗೌರವ ಸಂದದ್ದು 2017ರಲ್ಲಿ.

ಅಳಿಯ ಈಗ ತನ್ನ ಕೃತಿಯನ್ನು ತಿದ್ದಿದ್ದಾನೆ. ಸುಮಾರು 120 ಕಂಪನಗಳಿಗಿಂತ ಕೆಳಗಿನ ಮಂದ್ರವೆಲ್ಲ ನಡುವಿನಲ್ಲಿ; ಅದರ ಮೇಲಿನ ಅನುಸ್ವರಗಳನ್ನು ಮಾತ್ರ ಎರಡು ಪಕ್ಕಕ್ಕೆ ಹರಡಿದ್ದಾನೆ. ಕಿವಿ ಅದನ್ನೇ ಹಿಡಿದು ಇಡೀ ಮಂದ್ರ ಅಗಲವಾಗಿದೆಯೆಂದು ನಂಬುತ್ತದೆ. ಮೊನ್ನೆ 1935ರಲ್ಲಿ ಬ್ಲಮ್‌ಲೈನ್ ಪ್ರಯೋಗಕ್ಕಾಗಿ ತೆಗೆಸಿದ ಹೇಸ್ ಸ್ಟೇಷನ್ನಿನ ರೈಲುಗಳ ಚಿತ್ರವನ್ನು ಅವನಿಗೆ ತೋರಿಸಿದೆ. ಚಿತ್ರ ಮಬ್ಬು, ದನಿಯಲ್ಲಿ ಗೊರಗೊರ ಸದ್ದು. ಆದರೂ ರೈಲು ಸಾಗಿದಂತೆ ಅದರ ಉಗಿಯ ಸದ್ದೂ ಜೊತೆಯಲ್ಲೇ ಸಾಗುತ್ತದೆ. ಹುಡುಗ ಅದನ್ನು ಇನ್ನೊಮ್ಮೆ ಹಾಕೆಂದನು. ಈ ಸಲ ಕಣ್ಣು ಮುಚ್ಚಿಕೊಂಡು ಕೇಳಿದನು.