ಪಂಡಿತಾ ರಮಾಬಾಯಿಯವರ ಜೀವಿತ

ತುಂಗೆ, ಭದ್ರೆ, ನೇತ್ರಾವತಿ ಎಂಬ ಹೊಳೆಗಳು ಹುಟ್ಟುವ ಗಂಗಾಮೂಲವು ಪಶ್ಚಿಮ ಘಟ್ಟದ ದಟ್ಟವಾದ ಅಡವಿಯಲ್ಲಿರುವುದು. ಅಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ರಮಾಬಾಯಿಯವರು ಹುಟ್ಟಿದರು. ಕೇಡಗಾಂವದ ಮುಕ್ತಿಸದನದ ನಿಮಿತ್ತ ಈ ಹೆಸರನ್ನು ಕೇಳಿರುವ ನಮ್ಮ ವಾಚಕರು ಅವರನ್ನು ಮರಾಠಿ ಸೀಮೆಯವರೆಂದೇ ಎಣಿಸಿರಬಹುದು. ಮನೆಮಾತು ಮರಾಠಿಯೇ ಹೌದು. ಆದರೆ ತಂದೆಯವರು ಮಂಗಳೂರು ಸೀಮೆಯವರು, ಹುಟ್ಟಿದ ನೆಲವು ನಮ್ಮದು.

ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ವಿದ್ವಾಂಸರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಮನೆಯ ಸ್ತ್ರೀಗೆ ಸಂಸ್ಕೃತವನ್ನು ಕಲಿಸುವುದನ್ನು ಕಂಡು, ತಾವೂ ಹೆಂಡತಿಗೆ ಕಲಿಸಬೇಕೆಂದು ನಿಶ್ಚಯಿಸಿಕೊಂಡರು. ಅದರಂತೆ ಲಕ್ಷ್ಮೀಬಾಯಿಗೆ ಕಲಿಸಿದಾಗ ಜಾತಿಯವರಿಗೆ ಅದು ಸರಿಬೀಳಲಿಲ್ಲ. ಶಾಸ್ತ್ರಿಗಳು ಪಂಡಿತರ ಮುಂದೆ ಪ್ರಮಾಣಗಳನ್ನು ತೋರಿಸಿ ವಾದಿಸಿದರು; ಕಡೆಗೆ ಊರಿನ ತಂಟೆಯೇ ಬೇಡವೆಂದು ಅಡವಿಯನ್ನು ಸೇರಿದರು. ಅವರು ಕ್ರೈಸ್ತರಲ್ಲ, ಆದರೂ ಹೆಂಗಸಿಗೆ ಅಕ್ಷರ ಕಲಿಸಲಿಕ್ಕಾಗಿ ಇಷ್ಟು ಕಷ್ಟಪಟ್ಟ ಮನುಷ್ಯನನ್ನು ನಾವು ಗೌರವದಿಂದಲೇ ನೆನಸುತ್ತೇವೆ.

ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಟ್ಟು ಆಸ್ತಿಯು ಕರಗಿಹೋಯಿತು. ಕೂಸು ಆರು ತಿಂಗಳದ್ದಾಗಿರುವಾಗ ಕುಟುಂಬವು ಅಡವಿಯನ್ನು ಬಿಟ್ಟು ಹೊರಟಿತು. ಆಳೊಬ್ಬನು ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ಹೋದನು. ಅಂದಿನಿಂದ ಅವರಿಗೆ ನೆಲೆಯಾದ ಮನೆಯಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಕಟ್ಟೆಯ ಮೇಲೆ ಪುರಾಣ ಹೇಳುವುದು, ಬಂದ ಕಾಣಿಕೆಯನ್ನು ಪುಣ್ಯಕ್ಕಾಗಿ ದಾನಮಾಡುವುದು, ಇದೇ ಅವರ ಜೀವನವಾಗಿತ್ತು. ನಡೆಯುತ್ತ ನಡೆಯುತ್ತಲೇ ತಾಯಿಯು ಮಗಳಿಗೆ ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿಸಿದಳು.

ಮುಂದೆ ಕ್ಷಾಮವು ಬಂತು. ಆಗ ರಮಾಬಾಯಿಗೆ ಸುಮಾರು ೧೬ ವಯಸ್ಸು. ಇದ್ದದ್ದೆಲ್ಲ ದಾನದಲ್ಲಿ ಹೋಗಿತ್ತು; ಪಂಡಿತರ ಮಕ್ಕಳಾದ್ದರಿಂದ ಕೂಲಿಯ ಕೆಲಸವು ತಿಳಿಯದು, ಭಿಕ್ಷೆ ಬೇಡಲು ನಾಚಿಕೆ. ವ್ರತ, ಉಪವಾಸ, ಜಪ, ಪ್ರದಕ್ಷಿಣೆ ಎಲ್ಲವನ್ನೂ ಮಾಡಿದರು. ಅಡವಿಯ ಎಲೆಗಳನ್ನು ತಿಂದು ದಿನಗಳನ್ನು ಕಳೆದರು. ಮೊದಲು ತಂದೆಯೂ, ತರುವಾಯ ತಾಯಿಯೂ, ಆ ಮೇಲೆ ಅಕ್ಕನೂ ತೀರಿಹೋದರು. ತಾಯಿಯ ಶವವನ್ನು ಹೊರಲು ಸಾಕಷ್ಟು ಜನರು ಸಿಕ್ಕದೆ ಹುಡುಗಿಯೇ ಚಟ್ಟಕ್ಕೆ ತಲೆಗೊಡಬೇಕಾಯಿತು. ಹಸಿವೆಯೆಂದರೆ ಏನೆಂಬುದನ್ನು ಬರಗಾಲವನ್ನು ಕಂಡ ಹಳ್ಳಿಯವರಿಗೆ ನಾವು ವಿವರಿಸಬೇಕಾಗಿಲ್ಲ.

ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ ಮಾತ್ರ. ಇಬ್ಬರೂ ಕಾಲ್ನಡೆಯಾಗಿ ಉತ್ತರಕ್ಕೆ ಹೋದರು. ಪಂಜಾಬಿನ ಝೇಲಮ್ ನದಿಯ ತೀರದಲ್ಲಿ ಚಳಿಯನ್ನು ತಾಳಲಾರದೆ ಮರಳಲ್ಲಿ ಗುಂಡಿ ತೋಡಿ, ತಲೆಯನ್ನು ಮಾತ್ರ ಹೊರಗಿಟ್ಟು, ಮೈಮೇಲೆ ಮರಳನ್ನು ಎಳೆದುಕೊಂಡು ಮಲಗಿದರು. ಇಷ್ಟೆಲ್ಲ ಮಾಡಿಯೂ ದೇವತೆಗಳಿಂದ ಉತ್ತರ ಬಾರದ್ದನ್ನು ಕಂಡು ಅವರ ನಂಬಿಕೆಯು ಸಡಿಲಾಗುತ್ತ ಬಂತು. ೧೮೭೮ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಅಲ್ಲಿನ ವಿದ್ವಾಂಸರು ಈ ಯುವತಿಯನ್ನು ಪರೀಕ್ಷಿಸಿ ಆಶ್ಚರ್ಯಪಟ್ಟು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಆದರೆ ಧರ್ಮಶಾಸ್ತ್ರಗಳನ್ನು ಓದಿದಷ್ಟೂ, ಸ್ತ್ರೀಗೆ ತನ್ನದಾಗಿ ಮೋಕ್ಷದ ದಾರಿ ಯಾವುದೆಂಬ ಪ್ರಶ್ನೆಯು ಅವರ ಮನಸ್ಸಿನಲ್ಲಿ ಬಲವಾಯಿತು.

೧೮೮೦ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಲಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. ಅಸ್ಸಾಮಿನ ಸಿಲ್ಚಾರ್ ಊರಿನಲ್ಲಿ ಗಂಡನ ಪುಸ್ತಕಗಳೊಳಗೆ ಬಂಗಾಲಿ ಭಾಷೆಯ ಲೂಕನ ಸುವಾರ್ತೆಯು ಅವರ ಕೈಗೆ ಬಿತ್ತು. ಓದಿ ಬಹಳವಾಗಿ ಮೆಚ್ಚಿದರು. ಹೆಂಡತಿಯು ಕ್ರೈಸ್ತಳಾಗುವುದು ಗಂಡನಿಗೆ ಇಷ್ಟವಿರಲಿಲ್ಲ. ೧೮೮೨ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಹೋಗಲು, ೨೩ ವಯಸ್ಸಿನ ವಿಧವೆಯು ಹಸುಗೂಸಾದ ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿ ಹೆಂಗಸರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ವೈದ್ಯ ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು; ಕಿವಿ ಮಂದವಾಗಿದ್ದ ಕಾರಣ ಆ ವಿದ್ಯೆಯು ಕೈಗೂಡಲಿಲ್ಲ.

ಅಲ್ಲಿ ಅವರನ್ನು ಇಟ್ಟುಕೊಂಡ ವಾಂಟೇಜ್ ಸಹೋದರಿಯರು ಒಂದು ಸಾರಿ ಅವರನ್ನು ಲಂಡನಿನ ಫುಲ್ಹಮ್‌ನಲ್ಲಿದ್ದ ತಮ್ಮ ಆಶ್ರಮಕ್ಕೆ ಕಳುಹಿಸಿದರು. ಕೆಟ್ಟ ದಾರಿಗೆ ಬಿದ್ದಿದ್ದ ಹೆಂಗಸರನ್ನು ಅಲ್ಲಿ ಸೇರಿಸಿಕೊಂಡು ಪ್ರೀತಿಯಿಂದ ಸಾಕುತ್ತಿದ್ದರು. ತಿದ್ದಿಕೊಂಡವರು ಇತರರ ಸೇವೆಗೂ ನಿಂತಿದ್ದರು. ರಮಾಬಾಯಿಯವರು ದೇಶವನ್ನೆಲ್ಲ ಸುತ್ತಿದವರು. ಅಂಥ ಹೆಂಗಸರನ್ನು ಜನರು ದೂಡುವುದನ್ನು ಕಂಡಿದ್ದರೇ ಹೊರತು ಕೈಹಿಡಿದು ಎತ್ತುವುದನ್ನು ಎಲ್ಲಿಯೂ ಕಂಡಿರಲಿಲ್ಲ. ಈ ದಯೆಯು ಎಲ್ಲಿಂದ ಬಂತೆಂದು ವಿಚಾರಿಸಲು, ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು, ಅಂದರೆ ಬಾವಿಯ ಬಳಿಯಲ್ಲಿ ಕರ್ತನು ಸಮಾರ್ಯದ ಹೆಂಗಸಿನ ಸಂಗಡ ಮಾತಾಡಿದ ವೃತ್ತಾಂತವನ್ನು ಓದಿ ತಿಳಿಸಿದಳು. ಹೆಂಗಸನ್ನು ಹೀಗೆ ಕಂಡವನು ಈತನೊಬ್ಬನೇ ಎಂದು ಅವರಿಗೆ ಕಂಡಿತು. ೧೮೮೩ರ ಸೆಪ್ಟೆಂಬರ್ ೨೯ರಂದು ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಇಲ್ಲಿಗೆ ಕಥೆ ಮುಗಿಯಿತೆಂದು ಕೆಲವರು ಎಣಿಸುವರು. ನಮ್ಮ ಸಭೆಗಳಲ್ಲಿಯೂ ಸ್ನಾನವಾದ ದಿವಸವೇ ಪ್ರಯಾಣವು ತೀರಿತೆಂದು ಕೂತುಬಿಡುವವರುಂಟಷ್ಟೆ. ರಮಾಬಾಯಿಯವರು ಮುಂದೆ ತಮ್ಮ ಸಾಕ್ಷಿಯನ್ನು ಬರೆದಾಗ, ಆ ಕಾಲದಲ್ಲಿ ತಾವು ಕ್ರೈಸ್ತ ಮತವನ್ನು ಕಂಡುಕೊಂಡಿದ್ದರೂ ಕ್ರಿಸ್ತನನ್ನು ಕಂಡುಕೊಂಡಿರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಸಭೆಯ ಉಪದೇಶಗಳ ವಿಷಯದಲ್ಲಿ ಅವರು ಹಿರಿಯರ ಸಂಗಡ ವಾದಿಸುತ್ತಿದ್ದರು. ಹೇಳಿದ್ದನ್ನು ಹಾಗೆಯೇ ಒಪ್ಪುವವರಲ್ಲ. ಸ್ನಾನವಾಗಿ ಸುಮಾರು ಎಂಟು ವರ್ಷಗಳು ಕಳೆದ ಮೇಲೆ, ಪಾಪಿಯಾದ ತನಗೆ ಬೇಕಾದದ್ದು ಈ ರಕ್ಷಕನೇ ಎಂದು ಅವರು ಒಪ್ಪಿಕೊಂಡು ಸಮಾಧಾನ ಹೊಂದಿದರು.

ಅಷ್ಟರಲ್ಲಿ ಅಮೇರಿಕಕ್ಕೆ ಹೋಗಿ ಸಹಾಯವನ್ನು ಕೂಡಿಸಿಕೊಂಡು, ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಿದ್ದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಓದಿದ ವಿಧವೆ ಗೋದೂಬಾಯಿಯನ್ನೇ ಮುಂದೆ ಧೋಂಡೊ ಕೇಶವ ಕರ್ವೆಯವರು ಮದುವೆಯಾದರು. ಮತಬೋಧನೆ ಮಾಡುವದಿಲ್ಲವೆಂದು ಮಾತುಕೊಟ್ಟಿದ್ದರು. ಆದರೆ ತಾವು ಪ್ರಾರ್ಥಿಸುವ ಕೋಣೆಯ ಬಾಗಿಲನ್ನು ಮುಚ್ಚಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂತರು. ೧೮೯೩ರಲ್ಲಿ ಊರಲ್ಲಿ ದೊಡ್ಡ ಗದ್ದಲವೆದ್ದು, ಅನೇಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಬಾಗಿಲು ಮಾತಿಗೆ ತಪ್ಪಿದಂತಾಯಿತೇ ಎಂಬುದನ್ನು ಕುರಿತು ಒಳ್ಳೆಯವರಲ್ಲಿಯೂ ಭಿನ್ನಾಭಿಪ್ರಾಯವಿತ್ತು.

೧೮೯೬-೯೭ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮವು ಬಿದ್ದಿತೆಂದು ಕೇಳಿದಾಗ, ೨೦ ವರ್ಷಗಳ ಹಿಂದೆ ತಾವು ತಿಂದ ಎಲೆಗಳ ರುಚಿಯು ನಾಲಿಗೆಗೆ ಬಂದಿರಬೇಕು. ಕೈಯಲ್ಲಿ ಹಣವಿಲ್ಲದಿದ್ದರೂ ತಾವೇ ಹೋದರು. ಎಲುಬುಗೂಡಾಗಿದ್ದ ಹುಡುಗಿಯರನ್ನೂ, ತುತ್ತು ಅನ್ನಕ್ಕಾಗಿ ಕೆಟ್ಟವರ ಕೈಗೆ ಸಿಕ್ಕಲಿದ್ದ ಎಳೆಯ ವಿಧವೆಯರನ್ನೂ ಕೂಡಿಸಿ ಸುಮಾರು ೩೦೦ ಜನರನ್ನು ತಂದರು. ಪುಣೆಯಿಂದ ೩೪ ಮೈಲಿ ದೂರದ ಕೇಡಗಾಂವದಲ್ಲಿ ತೋಟಕ್ಕಾಗಿ ಕೊಂಡಿದ್ದ ನೆಲವೇ ಇವರಿಗೆ ಮನೆಯಾಯಿತು. ೧೯೦೦ರ ಗುಜರಾತಿನ ಕ್ಷಾಮದ ಹೊತ್ತಿಗೆ ಅಲ್ಲಿ ಸುಮಾರು ೨,೦೦೦ ಜನರಿದ್ದರು. ನೇಯುವುದು, ಎಣ್ಣೆ ತೆಗೆಯುವುದು, ಹೊಲತೋಟದ ಕೆಲಸ, ಅಚ್ಚುಮೊಳೆ ಜೋಡಿಸುವುದು ಎಲ್ಲವನ್ನೂ ಹೆಂಗಸರೇ ಕಲಿತರು. ಕುರುಡರಿಗೆ ಬೆರಳಿನಿಂದ ಓದಲು ಕಲಿಸಿದರು. ಫುಲ್ಹಮ್‌ನಲ್ಲಿ ಕಂಡದ್ದನ್ನು ಮರೆಯದೆ, ದಾರಿ ತಪ್ಪಿದವರಿಗೆ ಕೃಪಾಸದನವೆಂಬ ಬೇರೆ ಮನೆಯನ್ನು ಕಟ್ಟಿಸಿದರು. ಗುಲ್ಬರ್ಗದಲ್ಲಿಯೂ ಒಂದು ಕ್ರೈಸ್ತ ಶಾಲೆಯು ಅವರಿಂದ ಉಂಟಾಯಿತು.

ಕಡೆಯ ಅನೇಕ ವರ್ಷಗಳನ್ನು ಸತ್ಯವೇದದ ಭಾಷಾಂತರಕ್ಕೆ ಕೊಟ್ಟರು. ಆಗಲೇ ಇದ್ದ ಮರಾಠಿ ಸತ್ಯವೇದವು ಹಳ್ಳಿಯ ಹೆಂಗಸರಿಗೆ ತಿಳಿಯದಷ್ಟು ಸಂಸ್ಕೃತಮಯವೆಂದು ಅವರಿಗೆ ತೋರಿತು. ಆದ್ದರಿಂದ ಸಂಸ್ಕೃತದಲ್ಲಿ ಸರಸ್ವತಿಯೆನಿಸಿಕೊಂಡಿದ್ದ ಈ ತಾಯಿಯು ಇಬ್ರಿಯ, ಗ್ರೀಕ ಭಾಷೆಗಳನ್ನು ಕಲಿತು, ಗಂಗಳ ತೊಳೆಯುವವಳಿಗೂ ತಿಳಿಯುವ ಮಾತುಗಳನ್ನು ಹುಡುಕುತ್ತ ಕೂತರು. ೧೯೨೧ರ ಜುಲೈಯಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಹೋದಳು. ತಾಯಿಯು ಕೆಲಸವನ್ನು ಬಿಡಲಿಲ್ಲ. ೧೯೨೨ರ ಏಪ್ರಿಲ್ ೫ರಂದು ರಮಾಬಾಯಿಯವರು ನಿದ್ರೆಹೋದರು. ಎರಡು ವರ್ಷಗಳ ಮೇಲೆ ಆ ಸತ್ಯವೇದವು ಮುಕ್ತಿಯ ಅಚ್ಚುಕೂಟದಲ್ಲಿಯೇ ಅಚ್ಚಾಗಿ ಹೊರಟಿತು.